ಎರಡೂ ಇದೆ ಅಂದ ಡಾಕ್ಟರಿಗೆ, ಮತ್ತೆ ಅಕ್ಕನಿಗೆ

ಮತ್ತೆ ಪೂರ್ತಿ ಹೊತ್ತು ಕೆಲಸಕ್ಕೆ ಹೋಗಲು ಶುರುಮಾಡಿ ಈ ವಾರಕ್ಕೆ ಮೂರು ತಿಂಗಳು. ನೋವು ಹೋಗಿಲ್ಲ. ಆದರೆ ಯಾವ ನೋವು ಯಾವುದರದ್ದು ಅಂತ ಈಗ ಸುಮಾರಾಗಿ ಗೊತ್ತಾಗುತ್ತದೆ. ಅದನ್ನು ಕಲಿಸಿದವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು.

ನನಗೆ ರುಮಟಾಯ್ಡ್ ಸಂಧಿವಾತ ಇದೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಊದಿಸುವ ಕಾಯಿಲೆ. ಆರು ವರ್ಷವಾಯಿತು. ಮಾತ್ರೆಯಿಂದ ಹತೋಟಿಗೂ ಬಂದಿತ್ತು. ಆಮೇಲೆ ಮೈಯೆಲ್ಲಾ ನೋವು ಶುರುವಾಯಿತು. ಕೀಲು ಮಾತ್ರ ಅಲ್ಲ, ತೊಡೆ, ಭುಜ, ಬೆನ್ನು, ದವಡೆ ಕೂಡ. ಎಂಟು ಗಂಟೆ ಮಲಗಿದರೂ ರಾತ್ರಿಯೆಲ್ಲಾ ಕಲ್ಲು ಹೊತ್ತವಳ ಹಾಗೆ ಏಳುತ್ತಿದ್ದೆ. ಒಂದು ಕಡೆ ಸಂಧಿವಾತದ ಮಾತ್ರೆಯನ್ನು ಎರಡು ಸಲ ಜಾಸ್ತಿ ಮಾಡಿದರು. ಹೊಟ್ಟೆ ಕೆಟ್ಟಿತು, ನೋವು ಕದಲಲಿಲ್ಲ. ಇನ್ನೊಂದು ಕಡೆ, "ರಿಪೋರ್ಟ್ ಚೆನ್ನಾಗಿದೆಯಲ್ಲಮ್ಮಾ, ಸುಮ್ನೆ ಯೋಚನೆ ಮಾಡಬೇಡಿ" ಅಂದರು.

ಆಮೇಲೆ ನೀವು ಸಿಕ್ಕಿದಿರಿ, ಡಾಕ್ಟರೇ. 28 ಕೀಲುಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಒತ್ತಿ ನೋಡಿದಿರಿ. ಎಷ್ಟೋ ಗೆಣ್ಣಿಗೆ ನಾನು "ಅಯ್ಯೋ" ಅನ್ನುತ್ತಿದ್ದೆ. ಮುಗಿದ ಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದಿರಿ. ನೋವಿರುವ ಕೀಲು 17, ಊದಿದ್ದು 1. ಮತ್ತೆ ಕೀಲೇ ಇಲ್ಲದ ಕಡೆ, ತೊಡೆಯ ನಡುವೆ, ಮುಂಗೈ ಮೇಲೆ ಒತ್ತಿದಿರಿ. ಅಲ್ಲೂ ಅದೇ ಅಯ್ಯೋ.

"ಸಂಧಿವಾತ ಎಷ್ಟು ಜೋರಾಗಿದೆ ಅಂತ ಅಳೆಯುವ ಸ್ಕೋರಿಗೆ ನೀವು ನೋವು ಅಂದ ಕೀಲುಗಳೂ ಸೇರುತ್ತವೆ. ಅದಕ್ಕೇ ಸ್ಕೋರ್ ಏರಿದೆ, ಉರಿಯೂತ ಏರಿಲ್ಲ. ನಿಮಗೆ ಫೈಬ್ರೊಮಯಾಲ್ಜಿಯಾ ಇದೆ, ಅಂದರೆ ಕೀಲು ಊದದೆಯೂ ಮೈಯೆಲ್ಲಾ ನೋಯುವ ಕಾಯಿಲೆ."

"ಹಾಗಾದರೆ ಸಂಧಿವಾತ ಅಲ್ವಾ?"

"ಅದೂ ಇದೆ. ಎರಡೂ ಇದೆ."

ಒಂದಿದ್ದರೆ ಇನ್ನೊಂದು ಇರಬಾರದು ಅಂತ ನಾನು ಅಂದುಕೊಂಡಿದ್ದೆ. ಈ ಕಾಯಿಲೆಯನ್ನು ಗುರುತಿಸಲು ಡಾಕ್ಟರುಗಳು ಬಳಸುವ, 2016ರಲ್ಲಿ ತಿದ್ದಿದ ಮಾನದಂಡದಲ್ಲೇ, ಬೇರೆ ಕಾಯಿಲೆ ಇದ್ದರೂ ಫೈಬ್ರೊಮಯಾಲ್ಜಿಯಾ ಅನ್ನಬಹುದು ಅಂತ ಇದೆಯಂತೆ. ಸಂಧಿವಾತ, ಲೂಪಸ್ (ರೋಗನಿರೋಧಕ ಶಕ್ತಿ ಮೈಯ ಮೇಲೇ ತಿರುಗಿಬೀಳುವ ಇನ್ನೊಂದು ಕಾಯಿಲೆ) ಇರುವವರಲ್ಲಿ ಇದು ಉಳಿದವರಿಗಿಂತ ಜಾಸ್ತಿ. ಮೈಗ್ರೇನ್, ಕರುಳಿನ ಕಿರಿಕಿರಿ ಕೂಡ ಇದರ ಜೊತೆ ಆಗಾಗ ಕಾಣಿಸಿಕೊಳ್ಳುತ್ತವೆ. ನರಮಂಡಲ ಸಣ್ಣ ನೋವನ್ನೂ ದೊಡ್ಡದು ಮಾಡಿ ಹೇಳಲು ಕಲಿತುಬಿಡುತ್ತದೆ ಅಂತ ನೀವು ವಿವರಿಸಿದಿರಿ. ಥೈರಾಯ್ಡ್ ಕೂಡ ಇಂಥದ್ದೇ ನೋವು, ಸುಸ್ತು ಕೊಡಬಹುದು ಅಂತ ಅದನ್ನೂ ನೋಡಿದಿರಿ. ಏರಿಸಿದ್ದ ಮಾತ್ರೆಯನ್ನು ಇಳಿಸಿದಿರಿ. ನನ್ನ ಹೊಟ್ಟೆಯ ಪರವಾಗಿ ಬೇರೆಯೇ ನಮಸ್ಕಾರ.

ಫಿಜಿಯೋಥೆರಪಿಸ್ಟ್ ಮೇಡಂ, ಮೊದಲ ವಾರ ಐದು ನಿಮಿಷ ನಡಿಗೆ ಅಂದಾಗ ನಕ್ಕಿದ್ದೆ, ಬೇಜಾರಾಗಬೇಡಿ. "ಚೆನ್ನಾಗಿರೋ ದಿನಾನೂ ಐದೇ" ಅಂತ ನೀವು ಗದರಿದ್ದು ಯಾಕೆ ಅಂತ ಆರನೇ ದಿನ ಗೊತ್ತಾಯಿತು. ಅವತ್ತು ಇಪ್ಪತ್ತು ನಿಮಿಷ ನಡೆದು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಇನ್ನು ಅಕ್ಕ. ನನ್ನ ನೋವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವಳು ನೀನು. ಕೀಲು ಊದಿ ಬಿಸಿಯಾಗಿದ್ದರೆ ಕೆಂಪು ಪೆನ್ನು, ನಿದ್ದೆಗೆಟ್ಟು ಮೈಯೆಲ್ಲಾ ನೋವಾದರೆ ನೀಲಿ. ಹೋದ ತಿಂಗಳು ಬಲಗೈ ಮಣಿಕಟ್ಟು ನೋಯುತ್ತಿದ್ದಾಗ "ಅಯ್ಯೋ, ಇದೂ ಫೈಬ್ರೋನೇ ಬಿಡು" ಅಂದಿದ್ದೆ. ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ನನಗೂ ಅಭ್ಯಾಸವಾಗಿತ್ತು. ನೀನು ಮುಟ್ಟಿ ನೋಡಿ, "ಬಿಸಿ ಇದೆ ಕಣೇ" ಅಂದು ಕೆಂಪು ಪೆನ್ನು ತೆಗೆದೆ. ನೀನು ಕಳಿಸಿದ ಫೋಟೋ ನೋಡಿದ ಡಾಕ್ಟರ್ ಮಾರನೇ ದಿನವೇ ಬರಹೇಳಿದರು. ಸಂಧಿವಾತ ನಿಜವಾಗಿಯೂ ಕೆರಳಿತ್ತು. ಬೆರಳೂ ಊದಿತ್ತು, ಸೋಪು ಹಚ್ಚಿ ಉಂಗುರ ತೆಗೆದೆಯಲ್ಲ, ಅದಿನ್ನೂ ನಿನ್ನ ಹತ್ತಿರಾನೇ ಇದೆ. ಬೆರಳು ಇಳಿದಿದೆ, ತಂದುಕೊಡು.