ದಾಕ್ಷಿಣ್ಯದ ಮಾತು ಗುಡ್ಡದ ಬರೆಯನ್ನು ನಿಲ್ಲಿಸದು

ಮಾನ್ಯ ಸಂಪಾದಕರೇ,

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡ ಕುಸಿದ ಮೇಲೂ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದ ಮೇಲೂ, ಕೊಡಗಿನಲ್ಲಿ ಇಳಿಜಾರು ಅಗೆದು ಮನೆ, ಹೋಂಸ್ಟೇ ಕಟ್ಟುವವರೆದುರು ನಾವು ‘ಜಾಗ ಬಹಳ ಸೊಗಸಾಗಿದೆ’ ಎಂದೇ ಹೇಳುತ್ತಿದ್ದೇವೆ.

ಕೆಲ ವರ್ಷಗಳ ಹಿಂದೆ ನಮ್ಮೂರಿನ ಒಂದು ಗೃಹಪ್ರವೇಶದಲ್ಲಿ ನಾನೂ ಹಾಗೆಯೇ ಹೇಳಿದೆ. ಅಡುಗೆಮನೆಯ ಹಿಂದೆ ಆಳೆತ್ತರಕ್ಕಿಂತ ಹೆಚ್ಚಾಗಿ ನೆಟ್ಟಗೆ ಕಡಿದ ಬರೆ, ಅಂದರೆ ಗುಡ್ಡ ಅಗೆದು ಉಳಿದ ಮಣ್ಣಿನ ಗೋಡೆ, ಇತ್ತು. ಅದರ ಬುಡದಿಂದ ಕೆಂಪು ನೀರು ಜಿನುಗಿ ಚರಂಡಿಗೆ ಇಳಿಯುತ್ತಿತ್ತು. ಊಟಕ್ಕೆ ಕುಳಿತ ಎಲ್ಲರೂ ಅದನ್ನು ಕಂಡಿದ್ದೆವು. ವಯಸ್ಸಾದ ಕೃಷಿಕರೊಬ್ಬರು ಮಾತ್ರ ‘ಈ ಬರೆ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಇಲ್ಲಿ ಮಲಗಬೇಡಿ’ ಎಂದರು. ಶುಭದ ದಿನ ಅಪಶಕುನ ನುಡಿದರೆಂದು ಮನೆಯವರ ಮುಖ ಬಾಡಿತು. ಉಳಿದವರು, ನಾನೂ ಸೇರಿ, ಆ ಹಿರಿಯರನ್ನೇ ಗದರಿಸಿ ಮಾತು ಬದಲಿಸಿದೆವು. ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು’ ಎಂಬ ಗಾದೆ ನಮ್ಮಿಂದಲೇ ನಿಜವಾಯಿತು. ಮುಂದಿನ ಮಳೆಗಾಲದಲ್ಲಿ ಬರೆ ಜಾರಿ ಅಡುಗೆಮನೆಯ ಗೋಡೆ ಒಡೆಯಿತು. ಹಗಲಾಗಿದ್ದರಿಂದ ಜೀವಗಳು ಉಳಿದವು.

ಆ ಹಿರಿಯರ ಮಾತು ಒರಟಾಗಿತ್ತು, ಒಪ್ಪುತ್ತೇನೆ. ಮನೆಯವರನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆದರೆ ಅವರ ಒರಟುತನದಲ್ಲಿದ್ದ ಕಾಳಜಿ ನನ್ನ ಸವಿಮಾತಿನಲ್ಲಿ ಇರಲಿಲ್ಲ. ಬರೆಗೆ ತಡೆಗೋಡೆ ಬೇಕು, ನೀರು ಹರಿದುಹೋಗಲು ದಾರಿ ಬೇಕು ಎಂದು ಅಡಿಪಾಯ ಹಾಕುವ ಮೊದಲೇ ಹೇಳಲು ನಮಗೆ, ನೆರೆಯವರಾದವರಿಗೆ, ನಾಲಿಗೆ ಏಳಬೇಕಿತ್ತು.

– ಒಬ್ಬ ಓದುಗ, ಮಡಿಕೇರಿ ತಾಲ್ಲೂಕು