ಫೋನ್ ಕಿತ್ಕೊಂಡ್ರೆ ಏನ್ ಗತಿ ಅಂದೆಯಲ್ಲ

ಪುಟ್ಟಿ,

ನಿನ್ನ ಮೇಲ್ ನಿನ್ನೆ ರಾತ್ರಿ ಓದಿದೆ, ಬೆಳಗ್ಗೆ ಕಾಫಿಗೆ ಮುಂಚೆ ಇನ್ನೊಂದ್ ಸಲ ಓದಿದೆ. ಅಮ್ಮನ ಮಂಡಿ ನೋವು, ಪಿಜಿ ಬದಲಾಯಿಸೋದು, ಸಂಬಳ ಅರ್ಧರ್ಧ ಬರ್ತಿರೋದು, ಅದಕ್ಕೆಲ್ಲ ನಿಧಾನಕ್ಕೆ ಬರೀತೀನಿ. ಅವೆಲ್ಲದರ ಮಧ್ಯೆ ಒಂದು ಸಾಲು ಹಾಕಿ ಮುಂದಕ್ಕೆ ಹೋಗ್ಬಿಟ್ಟಿದೀಯ, "ನನಗೇನಾದ್ರೂ ಆಗ್ಲಿ ಅತ್ತೆ, ನನ್ನ ಫೋನ್ ಕಿತ್ಕೊಂಡ್ರೆ ಆ ಅಡುಗೆ ಅಕ್ಕನ ಗತಿ ಏನು" ಅಂತ. ಅದೊಂದು ಸಾಲು ನನ್ನ ನಿದ್ದೆ ಕೆಡಿಸಿದೆ ಕಣೇ.

ತಾತನ ಎಮರ್ಜೆನ್ಸಿ ಕಥೆ ಮನೇಲಿ ಎಲ್ರಿಗೂ ಬಾಯಿಪಾಠ, ಅದನ್ನ ಮತ್ತೆ ತೆಗೆಯಲ್ಲ. ನೀನು ಈ ವರದಿಗಾರಿಕೆ ಕೆಲಸದಲ್ಲಿ ಇರ್ಬೇಕಾ ಬೇಡ್ವಾ ಅನ್ನೋ ಮಾತೂ ನಿಮ್ಮಪ್ಪನ ಹತ್ರ ಆಡಿ ಮುಗಿದಿದೆ, ಅವನು ಒಪ್ಪಿಲ್ಲ, ನೀನು ಬಿಟ್ಟಿಲ್ಲ. ಗೌರಿ ಲಂಕೇಶ್ ಹೆಸರು ತೆಗೆದ್ರೆ ನಿಮ್ಮಮ್ಮ ಇವತ್ತಿಗೂ ಎದ್ದು ಒಳಗೆ ಹೋಗ್ತಾಳೆ, ಅದೂ ಬೇಡ. ಆ ಅಡುಗೆ ಅಕ್ಕನ ವಿಷಯಕ್ಕೇ ಬರ್ತೀನಿ.

ನನಗೆ ಅರ್ಥ ಆಗಿರೋದು ಇಷ್ಟು. ಬಿಸಿಎಂ ಹಾಸ್ಟೆಲ್ (ಹಿಂದುಳಿದ ವರ್ಗದ ಮಕ್ಕಳ ಸರ್ಕಾರಿ ಹಾಸ್ಟೆಲ್) ಸ್ಟಾಕ್ ಬುಕ್ಕಲ್ಲಿ ಬೇಳೆ, ಎಣ್ಣೆ, ಮೊಟ್ಟೆ ಎಲ್ಲಾ ಲೆಕ್ಕಕ್ಕೆ ಸರಿಯಾಗಿ ಖರ್ಚಾಗಿದೆ, ಮಕ್ಕಳ ತಟ್ಟೇಲಿ ನೀರು ಸಾರು. ಅಡುಗೆಯವರು ಆ ಬುಕ್ಕಿನ ಪುಟಗಳನ್ನ ಫೋಟೋ ಹೊಡೆದು ನಿನಗೆ ವಾಟ್ಸಾಪ್ ಮಾಡಿದಾರೆ. ನೀವು ಮೊದಲನೇ ವಿಡಿಯೋದಲ್ಲಿ ಫೋಟೋ ತೋರಿಸದೇ ವಿಷಯ ಮಾತ್ರ ಹೇಳಿದಿರಿ, ಮಾರನೇ ದಿನವೇ ಶಾಸಕರ ಕಡೆಯವರು ಆಫೀಸಿಗೆ ಫೋನ್ ಮಾಡಿದ್ರು. ಸುದ್ದಿ ಸುಳ್ಳು ಅಂತ ಅವರು ಒಂದು ಮಾತೂ ಹೇಳಲಿಲ್ಲ, ಕೇಳಿದ್ದು "ಯಾರು ಕೊಟ್ಟಿದ್ದು" ಅಂತ, ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದ್ರು ಅಂದೆ. ಅಲ್ಲೇ ನನಗೆ ಭಯ ಆಗಿದ್ದು. ಅವರಿಗೆ ನೀನು ಬೇಕಿಲ್ಲ, ಆಕೆ ಬೇಕು. ಆಕೆ ಸಿಕ್ಕಿದ್ರೆ ಜಿಲ್ಲೆಯ ಬೇರೆ ಹಾಸ್ಟೆಲ್ ಅಡುಗೆಯವರೆಲ್ಲ ತಾವಾಗೇ ಬಾಯಿ ಮುಚ್ಕೋತಾರೆ, ಒಂದು ಕೇಸೂ ಹಾಕಬೇಕಾಗಿಲ್ಲ.

2019ರ ಆಗಸ್ಟಲ್ಲಿ ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಒಂದು ಸರ್ಕಾರಿ ಶಾಲೇಲಿ ಮಕ್ಕಳು ಬಿಸಿಯೂಟಕ್ಕೆ ರೊಟ್ಟಿ ಜೊತೆ ಉಪ್ಪು ನಂಚ್ಕೊಂಡು ತಿನ್ನೋ ವಿಡಿಯೋ ಬಂತಲ್ಲ, ನೀನು ಆಗ ಕಾಲೇಜಲ್ಲಿದ್ದೆ, ನೋಡಿರ್ತೀಯ. ಪವನ್ ಜೈಸ್ವಾಲ್ ಅಂತ ಸ್ಥಳೀಯ ವರದಿಗಾರ ತೆಗೆದಿದ್ದು. ಶಿಕ್ಷಣಾಧಿಕಾರಿಯೇ ದೂರು ಕೊಟ್ಟು, ಸರ್ಕಾರಕ್ಕೆ ಕೆಟ್ಟ ಹೆಸರು ತರೋಕೆ ಸಂಚು ಮಾಡಿದ ಅಂತ ಆತನ ಮೇಲೇ ಎಫ್‌ಐಆರ್ ಆಯ್ತು. ದೇಶದಲ್ಲಿ ಗಲಾಟೆ ಆಯ್ತು, ಪ್ರೆಸ್ ಕೌನ್ಸಿಲ್ ತಾನಾಗೇ ವಿಚಾರಣೆಗೆ ತಗೊಳ್ತು, ಡಿಸೆಂಬರ್ ಹೊತ್ತಿಗೆ ಪೊಲೀಸರು ಆತನ ಹೆಸರು ಕೈಬಿಟ್ರು. ಪಾಪ, 2022ರಲ್ಲಿ ಕ್ಯಾನ್ಸರಿಂದ ತೀರ್ಕೊಂಡ, ಚಿಕಿತ್ಸೆಗೆ ದುಡ್ಡಿಲ್ಲದೆ ಟ್ವಿಟರಲ್ಲಿ ಸಹಾಯ ಕೇಳಿದ್ದ. ಆದ್ರೆ ಅದೇ ಎಫ್‌ಐಆರ್‌ನಲ್ಲಿ ಊರಿನ ಪ್ರಧಾನರ, ಅಂದ್ರೆ ಪಂಚಾಯ್ತಿ ಮುಖ್ಯಸ್ಥರ, ಪ್ರತಿನಿಧಿಯನ್ನೂ ಸೇರಿಸಿದ್ರು ಪುಟ್ಟಿ, ಶಾಲೇಲಿ ಹೀಗಾಗ್ತಿದೆ ಬಾ ಅಂತ ಜೈಸ್ವಾಲ್‌ಗೆ ತಿಳಿಸಿದ್ದು ಆತನೇ ಅಂತ. ಜೈಸ್ವಾಲ್ ಪರವಾಗಿ ಪತ್ರಕರ್ತರು ಬೀದಿಗಿಳಿದ್ರು, ಇಳೀಲೇಬೇಕಿತ್ತು. ಆ ಇನ್ನೊಬ್ಬನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಿನ್ನ ಅಡುಗೆ ಅಕ್ಕ ಹೊರಗುತ್ತಿಗೆ ಅಂದೆ. ಅಲ್ಲಿಗೆ ಮುಗೀತು. ಸಸ್ಪೆಂಡ್ ಮಾಡೋಕೆ ಆರ್ಡರ್ ಬೇಕು, ವರ್ಗ ಮಾಡೋಕೆ ಆರ್ಡರ್ ಬೇಕು, ಏಜೆನ್ಸಿಯವನು "ನಾಳೆಯಿಂದ ಬರಬೇಡಮ್ಮ" ಅನ್ನೋಕೆ ಏನೂ ಬೇಕಾಗಿಲ್ಲ.

ನಾನು ಡೆಸ್ಕಲ್ಲಿ ಕೂತು ಬೇರೆಯವರು ತಂದ ಸುದ್ದಿ ತಿದ್ದಿದವಳು, ನಿನ್ನ ಹಾಗೆ ಓಡಾಡಿದವಳಲ್ಲ, ಆದ್ರೂ ಒಂದು ಕಂಡಿದೀನಿ. ಎಂಬತ್ತರ ದಶಕದ ಬರಗಾಲ, ಎಲ್ಲಾ ಕಡೆ ಬರ ಪರಿಹಾರದ ಕಾಮಗಾರಿ, ಕೆರೆ ಹೂಳು ಎತ್ತೋದು, ರಸ್ತೆಗೆ ಮಣ್ಣು ಹಾಕೋದು. ಒಂದು ತಾಲ್ಲೂಕಿನ ಎನ್‌ಎಂಆರ್‌ನಲ್ಲಿ, ಅಂದ್ರೆ ಕೂಲಿಯವರ ಹಾಜರಿ ಪಟ್ಟೀಲಿ, ಸತ್ತವರ ಹೆಸರಲ್ಲೂ ಹೆಬ್ಬೆಟ್ಟು ಬಿದ್ದಿತ್ತು. ಅಲ್ಲಿನ ಒಬ್ಬ ಗುಮಾಸ್ತರು ಅದರ ಜೆರಾಕ್ಸ್ ತಂದು ನಮ್ಮ ವರದಿಗಾರನಿಗೆ ಕೊಟ್ರು. ಪೇಪರ್ರಲ್ಲಿ ಮುಖಪುಟಕ್ಕೆ ಆ ಹಾಳೆಯ ಫೋಟೋನೇ ಹಾಕಿದ್ರು, ಓದುಗರು ಕಣ್ಣಾರೆ ನೋಡ್ಲಿ ಅಂತ. ಹಾಳೆಯ ಎಡಗಡೆ ಅಂಚಲ್ಲಿ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ, ಜೆರಾಕ್ಸ್ ಮಿಷಿನ್ನಿನ ಡ್ರಮ್ ಮೇಲೆ ಗೀರು ಬಿದ್ರೆ ಹಾಗೆ ಬರುತ್ತೆ. ಆಗ ಆ ಊರಲ್ಲಿ ಜೆರಾಕ್ಸ್ ಅಂಗಡಿ ಇದ್ದಿದ್ದೇ ಒಂದೋ ಎರಡೋ. ಅಧಿಕಾರಿ ಪೇಪರ್ ಹಿಡ್ಕೊಂಡು ನೇರ ಅಂಗಡಿಗೆ ಹೋದ, ಮೊನ್ನೆ ಕಟ್ಟುಗಟ್ಟಲೆ ಜೆರಾಕ್ಸ್ ಮಾಡಿಸಿದ್ದು ಯಾರು ಅಂತ ಕೇಳಿದ, ಅಂಗಡಿಯವನೂ ಹೇಳ್ದ, ಅವನಿಗೇನು ಗೊತ್ತು.

ಗುಮಾಸ್ತರನ್ನ ಜಿಲ್ಲೆಯ ಆ ತುದಿಗೆ ಎತ್ತಂಗಡಿ ಮಾಡಿದ್ರು. ದೊಡ್ಡ ಮಗ ಆ ವರ್ಷ ಎಸ್ಸೆಸ್ಸೆಲ್ಸಿ. ನಮ್ಮ ವರದಿಗಾರನಿಗೆ ಒಳ್ಳೆ ಹೆಸರು ಬಂತು, ಸನ್ಮಾನ ಆಯ್ತು, ಸ್ವಲ್ಪ ದಿನಕ್ಕೆ ಬೆಂಗಳೂರಿನ ದೊಡ್ಡ ಪೇಪರ್‌ಗೆ ಹೋದ. ಎಷ್ಟೋ ತಿಂಗಳಾದ ಮೇಲೆ ಒಂದು ಸಂಜೆ ಆ ಗುಮಾಸ್ತರು ಆಫೀಸಿಗೆ ಬಂದು, ಆವತ್ತಿನ ಪೇಪರ್ ಎರಡು ಕಾಪಿ ಸಿಗುತ್ತಾ ಅಂತ ಕೇಳಿದ್ರು. ಹಳೇ ಕಟ್ಟಿಂದ ನಾನೇ ತೆಗೆದು ಕೊಟ್ಟೆ. ಮಡಚಿ ಬ್ಯಾಗಿಗೆ ಹಾಕ್ಕೊಂಡ್ರು, ದುಡ್ಡು ಕೊಡೋಕೆ ಬಂದ್ರು, ಬೇಡ ಅಂದೆ. ಯಾರನ್ನೂ ಬೈಯಲಿಲ್ಲ. ನಮ್ಮ ಆಫೀಸಿಂದ ಒಬ್ಬರೂ ಒಂದು ದಿನಕ್ಕೂ ಅವರ ಮನೆ ಕಡೆ ಹೋಗಲಿಲ್ಲ ಪುಟ್ಟಿ, ನಾನೂ ಹೋಗಲಿಲ್ಲ, ಹೋಗೋಣ ಹೋಗೋಣ ಅಂತಲೇ ವರ್ಷಗಳು ಕಳೆದ್ವು, ಆಮೇಲೆ ಅವರು ತೀರ್ಕೊಂಡ್ರು ಅಂತ ಯಾರೋ ಹೇಳಿದ್ರು. ನಿನ್ನ ಸಾಲು ಓದಿದಾಗಿಂದ ಅವರ ಮುಖವೇ ಕಣ್ಣ ಮುಂದೆ.

ಅದಕ್ಕೇ ಹೇಳ್ತೀನಿ, ನಿನ್ನ ಈ ಭಯಾನ ಯಾರೂ ಸಮಾಧಾನ ಮಾಡದೇ ಇರ್ಲಿ. ಆಫೀಸಲ್ಲಿ "ಏನೂ ಆಗಲ್ಲ ಬಿಡು" ಅಂತಾರೆ, ಫ್ರೆಂಡ್ಸ್ "ಸುಪ್ರೀಂ ಕೋರ್ಟ್ ಇದೆಯಲ್ಲ" ಅಂತಾರೆ. ಸುಪ್ರೀಂ ಕೋರ್ಟ್ ಇದೆ, ಒಳ್ಳೆ ಮಾತೂ ಹೇಳಿದೆ. 2021ರ ಅಕ್ಟೋಬರಲ್ಲಿ ಪೆಗಾಸಸ್ ಅನ್ನೋ ಫೋನ್ ಕದ್ದು ನೋಡೋ ತಂತ್ರಾಂಶದ ವಿಷಯದಲ್ಲಿ, ಸುದ್ದಿಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಮೂಲಭೂತ ಅಂತ ಬರೀತು. 2023ರ ಅಕ್ಟೋಬರ್ 3ಕ್ಕೆ ದೆಹಲೀಲಿ ನ್ಯೂಸ್‌ಕ್ಲಿಕ್ ಅನ್ನೋ ಸುದ್ದಿ ವೆಬ್‌ಸೈಟ್‌ಗೆ ಸಂಬಂಧಪಟ್ಟ ಹತ್ತಾರು ಜನರ ಮನೆಗಳಿಗೆ ಬೆಳಬೆಳಗ್ಗೆ ಪೊಲೀಸರು ಹೋಗಿ ಫೋನು, ಲ್ಯಾಪ್‌ಟಾಪ್ ಹೊತ್ಕೊಂಡು ಹೋದ ಮೇಲೆ, ನವೆಂಬರಲ್ಲಿ ಕೋರ್ಟು ಇದು ಗಂಭೀರ ವಿಷಯ, ಮಾರ್ಗಸೂಚಿ ಬೇಕು ಅಂತ ಕೇಂದ್ರಕ್ಕೆ ಹೇಳ್ತು. ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರ ಬಂಧನವೇ ಕಾನೂನುಬಾಹಿರ ಅಂತ 2024ರ ಮೇನಲ್ಲಿ ಬಿಡುಗಡೆ ಮಾಡ್ತು. ಅಷ್ಟು ಹೊತ್ತಿಗೆ ಏಳು ತಿಂಗಳು ಜೈಲಲ್ಲಿದ್ರು. ಅವರು ಹೊರಗೆ ಬಂದ್ರು ಸರಿ, ಆದ್ರೆ ಆ ಫೋನ್‌ಗಳಲ್ಲಿ ಯಾರ್‍ಯಾರ ಹೆಸರು, ಯಾರ್‍ಯಾರ ಮೆಸೇಜು ಇತ್ತೋ, ಅವರ ಬಗ್ಗೆ ಯಾವ ತೀರ್ಪಲ್ಲೂ ಒಂದು ಸಾಲು ಬರಲ್ಲ.

ಎಮರ್ಜೆನ್ಸೀಲಿ ಸರ್ಕಾರದವರು ಅಚ್ಚಾಗೋಕೆ ಮುಂಚೆ ಪುಟ ತೋರಿಸಿ ಅಂತಿದ್ರು. ಪುಟದಲ್ಲಿ ಬರೆದವನ ಹೆಸರಿರ್ತಿತ್ತು, ಬಿದ್ರೆ ಏಟು ಅವನಿಗೆ ಬೀಳ್ತಿತ್ತು. ಈಗ ಫೋನ್ ಕೇಳ್ತಾರೆ, ಫೋನಲ್ಲಿ ನಿನ್ನ ನಂಬಿ ಮಾತಾಡಿದವರೆಲ್ಲ ಇದಾರೆ.

ಕಾನೂನಿನ ವಿಷಯ ಗೊತ್ತಿರ್ಲಿ ಅಂತ ಬರೀತಿದೀನಿ, ನಿನಗೆ ಗೊತ್ತಿದ್ರೆ ಬಿಟ್ಟು ಓದು. ವಕೀಲರಿಗೆ ಕಕ್ಷಿದಾರ ಹೇಳಿದ ಮಾತಿಗೆ ಸಾಕ್ಷ್ಯ ಕಾಯ್ದೇಲಿ ರಕ್ಷಣೆ ಇದೆ, ಗಂಡ ಹೆಂಡತಿ ಮಾತಿಗೂ ಇದೆ, ಪತ್ರಕರ್ತರಿಗೆ ಇಲ್ಲ. 1983ರಲ್ಲೇ ಕಾನೂನು ಆಯೋಗ ತನ್ನ 93ನೇ ವರದೀಲಿ ಪತ್ರಕರ್ತರಿಗೂ ಅಂಥದ್ದೊಂದು ಬೇಕು ಅಂತ ಶಿಫಾರಸು ಮಾಡಿತ್ತು, ಯಾವ ಪಕ್ಷದ ಸರ್ಕಾರವೂ ಮಾಡಲಿಲ್ಲ. ಪ್ರೆಸ್ ಕೌನ್ಸಿಲ್ ಕಾಯ್ದೇಲಿ 15(2) ಅಂತ ಇದೆ, ಸುದ್ದಿಮೂಲ ಹೇಳು ಅಂತ ಒತ್ತಾಯ ಮಾಡಂಗಿಲ್ಲ ಅಂತ, ಆದ್ರೆ ಅದು ಕೌನ್ಸಿಲ್ ಮುಂದಿನ ವಿಚಾರಣೆಗೆ ಮಾತ್ರ, ಠಾಣೇಲಿ ನಡೆಯಲ್ಲ. ಇನ್ನು ಆ ಅಡುಗೆ ಅಕ್ಕನಂಥವರಿಗೇ ಅಂತ 2014ರಲ್ಲಿ ಸಂಸತ್ತು ವಿಸಲ್‌ಬ್ಲೋವರ್ಸ್ ಕಾಯ್ದೆ, ಅಂದ್ರೆ ಅಕ್ರಮ ಬಯಲು ಮಾಡಿದವರನ್ನ ಕಾಪಾಡೋ ಕಾಯ್ದೆ, ಪಾಸ್ ಮಾಡ್ತು, ರಾಷ್ಟ್ರಪತಿ ಸಹಿಯೂ ಬಿತ್ತು, ಜಾರಿಗೆ ಮಾತ್ರ ಬಂದಿಲ್ಲ. ಇದನ್ನ ನೆನೆಸ್ಕೊಂಡಾಗೆಲ್ಲ ನನಗೆ ಮೈ ಉರಿಯುತ್ತೆ. ನಮ್ಮ ರಾಜ್ಯವೂ ಏನು ಕಮ್ಮಿ ಇಲ್ಲ, 2017ರಲ್ಲಿ ಶಾಸಕರ ವಿರುದ್ಧ ಬರೆದ್ರು ಅಂತ ಇಬ್ಬರು ಸಂಪಾದಕರಿಗೆ ವಿಧಾನಸಭೆಯೇ ಒಂದು ವರ್ಷ ಜೈಲು ಅಂತ ನಿರ್ಣಯ ಮಾಡಿತ್ತಲ್ಲ. ಆ ಪತ್ರಿಕೆಗಳ ಬರವಣಿಗೆ ನನಗೆ ಹಿಡಿಸ್ತಿರಲಿಲ್ಲ, ಅದು ಬೇರೆ ಮಾತು, ದೂರು ಕೊಟ್ಟವರೇ ತೀರ್ಪೂ ಕೊಡೋದು ಯಾವ ನ್ಯಾಯ? ಯಾವ ಪಕ್ಷ ಬಂದ್ರೂ "ಯಾರು ಕೊಟ್ಟಿದ್ದು" ಅನ್ನೋ ಫೋನ್ ಬಂದೇ ಬರುತ್ತೆ, ಇಷ್ಟು ವರ್ಷದಲ್ಲಿ ಅದೊಂದು ಬದಲಾಗಿದ್ದು ನಾನು ಕಾಣೆ.

ಈಗ ನೀನು ಏನ್ ಮಾಡ್ಬೇಕು ಅಂತ ಹೇಳೋಕೆ ನನಗೆ ಅಷ್ಟು ಧೈರ್ಯ ಇಲ್ಲ, ನಿಮ್ಮ ಕಾಲದ ಫೋನು ಆ್ಯಪು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ತೋಚಿದ್ದು ಹೇಳ್ತೀನಿ. ನೀನು ನನಗೂ ಒಂದು ಪುಟದ ಫೋಟೋ ಕಳ್ಸಿದೀಯ ನೋಡು, ಅದನ್ನ ದೊಡ್ಡದು ಮಾಡಿ ನೋಡಿದೆ. ಕೆಳಗಡೆ ಮೂಲೇಲಿ ಪುಟ ಹಿಡ್ಕೊಂಡಿರೋ ಹೆಬ್ಬೆರಳು ಕಾಣ್ಸುತ್ತೆ, ಉಗುರಿಗೆ ಅರಿಶಿನ ಹತ್ತಿದೆ, ಮಣಿಕಟ್ಟಲ್ಲಿ ಎರಡು ಹಸಿರು ಗಾಜಿನ ಬಳೆ, ಮಧ್ಯೆ ಒಂದು ಪಿನ್ನು ಸಿಕ್ಸಿದಾರೆ. ಆ ಪಿನ್ನು ನೋಡಿದ್ರೆ ವಾರ್ಡನ್‌ಗೆ ಒಂದು ನಿಮಿಷ ಸಾಕು ಪುಟ್ಟಿ. ನಿಮ್ಮ ಎಡಿಟರ್ ಎರಡನೇ ವಿಡಿಯೋದಲ್ಲಿ ಫೋಟೋ ಹಾಕೋಣ ಅಂತಿದಾರೆ ಅಂದೆ, ದಯವಿಟ್ಟು ಬೇಡ ಅನ್ನು, ಕ್ರಾಪ್ ಮಾಡಿ ಕೂಡ ಬೇಡ, ಪುಟ ಯಾವ ಕೋನದಲ್ಲಿ ಬಿದ್ದಿದೆ, ಹಿಂದೆ ಕಡಪಾ ಕಲ್ಲಿದೆಯಾ, ಅದೂ ಗುರುತು ಹೇಳುತ್ತೆ. ನಾನು ನನ್ನ ಫೋನಿಂದ ತೆಗೆದಿದೀನಿ, ನೀನು ಇನ್ಮೇಲೆ ಯಾರಿಗೂ ಕಳಿಸ್ಬೇಡ, ನನಗೂ.

ಅದೇ ಸ್ಟಾಕ್ ಬುಕ್ಕನ್ನ ಆರ್‌ಟಿಐನಲ್ಲಿ ಕೇಳಬಹುದಲ್ಲ? ಒಂದೇ ಹಾಸ್ಟೆಲ್ ಕೇಳಬೇಡ, ತಾಲ್ಲೂಕಿನ ಎಲ್ಲಾ ಹಾಸ್ಟೆಲ್‌ಗಳದ್ದು ಕೇಳು, ಆಗ ಬೆರಳು ಒಂದೇ ಕಡೆ ತಿರುಗಲ್ಲ. 30 ದಿನ ಆಗುತ್ತೆ, ಕೊಡದೇ ಇದ್ರೆ ಮೇಲ್ಮನವಿ ಅಂತ ಇನ್ನೂ ಎಳೀತಾರೆ, ನಿಮ್ಮ ಚಾನೆಲ್‌ಗೆ ಅಷ್ಟು ಕಾಯೋ ತಾಳ್ಮೆ ಇದೆಯೋ ಇಲ್ವೋ. ಆದ್ರೆ ಸರ್ಕಾರದ್ದೇ ಸೀಲ್ ಇರೋ ಕಾಪಿ ಕೈಲಿದ್ರೆ ಸುದ್ದಿ ಅದರ ಮೇಲೆ ನಿಲ್ಲುತ್ತೆ, ಆಕೆಯ ಹೆಗಲ ಮೇಲೆ ನಿಲ್ಲೋದು ತಪ್ಪುತ್ತೆ.

ನೋಟಿಸ್ ಬಂದ್ರೆ ಯಾವ ಸೆಕ್ಷನ್ ಅಂತ ಮೊದಲು ಓದು. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು) 35(3) ಅಂದ್ರೆ ವಿಚಾರಣೆಗೆ ಬಾ ಅಂತ, 94 ಅಂದ್ರೆ ಇಂಥ ದಾಖಲೆ, ಇಂಥ ಫೋನ್ ತಂದುಕೊಡು ಅಂತ. ಎರಡಕ್ಕೂ ಒಬ್ಬಳೇ ಹೋಗಬೇಡ. ಫೋನ್ ತಗೊಂಡ್ರೆ ಮಹಜರ್ ಕಾಪಿ ಕೇಳು, ಶೋಧ ಮಾಡೋವಾಗ ವಿಡಿಯೋ ಮಾಡಬೇಕು ಅಂತ ಹೊಸ ಕಾನೂನಲ್ಲೇ ಇದೆ, ಮಾಡ್ತಿದಾರಾ ನೋಡು. ಪಾಸ್‌ವರ್ಡ್ ಕೇಳಿದ್ರೆ ಅಲ್ಲೇ ನಿಂತು ಉತ್ತರ ಕೊಡಬೇಡ, 2021ರಲ್ಲಿ ನಮ್ಮ ಹೈಕೋರ್ಟ್ ಪಾಸ್‌ವರ್ಡ್ ಕೊಡೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂಗಲ್ಲ ಅಂದಿದೆ, ಫೋನ್ ಹುಡುಕೋಕೆ ಕ್ರಮ ಏನು ಅಂತಲೂ ಅದೇ ತೀರ್ಪಲ್ಲಿ ಹೇಳಿದೆ, ವಕೀಲರು ಪಕ್ಕದಲ್ಲಿದ್ರೆ ಅದನ್ನ ಅವರು ನೋಡ್ಕೋತಾರೆ. ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ನೋಟಿಸ್ ಕೈಗೆ ಬಂದ ಮೇಲೆ ಗಾಬರಿ ಆಗಿ ಒಂದು ಮೆಸೇಜೂ ಅಳಿಸ್ಬೇಡ, ಸಾಕ್ಷ್ಯ ನಾಶ ಅಂತ ಅದೇ ಇನ್ನೊಂದು ಕೇಸಾಗುತ್ತೆ.

ಇಷ್ಟೆಲ್ಲ ಬರೆದ್ರೂ ಮನಸ್ಸು ಅಲ್ಲಿಗೇ ಹೋಗುತ್ತೆ. ಆಕೆಗೆ ಇದೆಲ್ಲ ಗೊತ್ತಾ? ಫೋನ್ ಬಂದಿದ್ದು, ಯಾರು ಕೊಟ್ಟಿದ್ದು ಅಂತ ಕೇಳಿದ್ದು, ನೀನು ಆಕೆಗೆ ಹೇಳಿದೀಯಾ? ಮೇಲಲ್ಲಿ ಅದು ಬರೆದಿಲ್ಲ. ಹೆದರಿಸೋದು ಬೇಡ ಅಂತ ಸುಮ್ಮನಿದ್ರೆ, ಅದು ಒಳ್ಳೇತನಕ್ಕೇ ಮಾಡಿದ್ದು ಅಂತ ನನಗೆ ಗೊತ್ತು, ಆದ್ರೂ ಹೇಳು. ಕೆಲಸ ಆಕೆಯದ್ದು, ಮನೆ ಆಕೆಯದ್ದು, ಮುಂದೆ ಹೋಗೋದಾ ಇಲ್ಲೇ ನಿಲ್ಲಿಸೋದಾ ಅನ್ನೋದ್ರಲ್ಲಿ ಆಕೆಯ ಮಾತೂ ಇರ್ಬೇಕು. ಬೇಡ ಅಂದ್ರೆ ಆ ಫೋಟೋಗಳನ್ನ ಮರೆತುಬಿಡು, ಆರ್‌ಟಿಐ ಕಾಪಿ ಬಂದಾಗ ಬರ್ಲಿ. ಫೋನಲ್ಲಿ ಹೇಳಬೇಡ, ಹಾಸ್ಟೆಲ್ ಹತ್ರವೂ ಹೋಗಬೇಡ, ಸಂತೆ ದಿನ ಸಿಗ್ತಾರೆ ಅಂದಿದ್ಯಲ್ಲ, ಅಲ್ಲಿ ಮಾತಾಡು. ಸುದ್ದಿ ಮುಗಿದ ಮೇಲೂ ಹೋಗ್ತಿರು. ಅಕಸ್ಮಾತ್ ಕೆಲಸ ಹೋದ್ರೆ ನಿಮ್ಮ ಆಫೀಸ್ ಏನ್ ಮಾಡುತ್ತೆ ಅಂತ ಎಡಿಟರ್ ಹತ್ರ ಈಗಲೇ ಬಾಯಿ ಬಿಟ್ಟು ಕೇಳು, ಅವರು ಗುಣುಗುಣು ಅಂದ್ರೆ ನನಗೆ ತಿಳಿಸು, ಎರಡು ಮೂರು ತಿಂಗಳ ಮಟ್ಟಿಗೆ ನನ್ನ ಪೆನ್ಶನ್‌ನಲ್ಲಿ ಏನಾದ್ರೂ ಮಾಡೋಣ, ನಿಮ್ಮಪ್ಪನಿಗೆ ಹೇಳೋದು ಬೇಡ.

ನನ್ನ ಜೊತೆ ಡೆಸ್ಕಲ್ಲಿದ್ದವರ ಮಗಳು ಇಲ್ಲೇ ಜಿಲ್ಲಾ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡ್ತಾಳೆ, ಬೆಳಗ್ಗೆ ಮಾತಾಡಿದೀನಿ, ಊರು, ಹಾಸ್ಟೆಲ್ ಯಾವುದೂ ಹೇಳಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಬಿಡುವಿದೆಯಂತೆ. ಬೆಳಗಿನ ಪ್ಯಾಸೆಂಜರ್‌ಗೆ ಬಂದ್ಬಿಡು, ಊಟ ಇಲ್ಲೇ ಮಾಡು, ಇಬ್ಬರೂ ಹೋಗಿಬರೋಣ.

ನಿನ್ನ
ಅತ್ತೆ