ಸಚಿವರೇ, ಸ್ಯಾಂಪಲ್ ತೆಗೆಯೋಕೆ ರಾತ್ರಿ ಬನ್ನಿ

ಮಾನ್ಯ ಪರಿಸರ ಸಚಿವರಿಗೆ,

ನಮಸ್ಕಾರ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಲೆ ಹಾಕಿ ಬದುಕುವವರು ನಾವು. ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿವೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಈಗ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ನೀರಿನ ಸ್ಯಾಂಪಲ್ ರಾತ್ರಿ ತೆಗೆಸಿ, ಮೊದಲೇ ಹೇಳದೆ ತೆಗೆಸಿ.

ಬಣ್ಣದ ನೀರನ್ನು ಶುದ್ಧ ಮಾಡಿಯೇ ಹೊರಗೆ ಬಿಡಬೇಕು ಅನ್ನುವ ನಿಯಮ ತಮಗೆ ಗೊತ್ತಿರದೆ ಇರುತ್ತದೆಯೇ? ಶುದ್ಧೀಕರಣ ಘಟಕ ಇದೆ, ಮೀಟರ್ ಇದೆ, ಗೇಟಿನಲ್ಲಿ ಹಸಿರು ಬೋರ್ಡೂ ಇದೆ. ಓಡಿಸಿದರೆ ಕರೆಂಟ್ ಬಿಲ್ ಜಾಸ್ತಿ. ಹಾಗಾಗಿ ಹಗಲು ಓಡುತ್ತದೆ, ಕತ್ತಲಾದರೆ ಮಲಗುತ್ತದೆ.

ಹೋದ ವರ್ಷ ಬೆಳಗಿನ ಜಾವ ಬಲೆ ಎಳೆದರೆ ಗಂಟುಗಳೆಲ್ಲ ಕಡುನೀಲಿ. ಕೈ ಉಜ್ಜಿದರೂ ಉಗುರಿನ ಸಂದಿಯ ಬಣ್ಣ ಹೋಗಲಿಲ್ಲ. ಬಿದ್ದ ನಾಲ್ಕು ಮೀನನ್ನೂ ಯಾರೂ ಕೊಳ್ಳಲಿಲ್ಲ. ಅದೇ ನೀರನ್ನು ಬಾಟಲಿಗೆ ತುಂಬಿ ಕಚೇರಿಗೆ ಒಯ್ದೆ. ಅಧಿಕಾರಿಗಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ನೀವು ತಂದ ನೀರು ನಡೆಯಲ್ಲ, ನಾವೇ ಬಂದು ತೆಗೀಬೇಕು" ಅಂದರು. ಸರಿ, ಬಂದರು. ಯಾವಾಗ? ವಾರ ಬಿಟ್ಟು, ಕಾರ್ಖಾನೆಗೆ ಪತ್ರ ಬರೆದು, ಮಟಮಟ ಮಧ್ಯಾಹ್ನ! ಅವತ್ತು ಪೈಪಿನಿಂದ ಬಂದ ನೀರು ನಮ್ಮ ಬಾವಿ ನೀರಿಗಿಂತ ತಿಳಿಯಾಗಿತ್ತು. ವರದಿಯಲ್ಲಿ "ದೂರು ಸಾಬೀತಾಗಿಲ್ಲ" ಅಂತ ಬರೆದರು. ಹೋಗುವಾಗ ಒಬ್ಬರು, "ಸಮುದ್ರ ದೊಡ್ಡದು ಬಿಡಿ" ಅಂತ ಸಮಾಧಾನ ಬೇರೆ ಹೇಳಿದರು.

ಅಲೆದು ಅಲೆದು ಈ ಬಣ್ಣದ ವಿದ್ಯೆ ನಮಗೂ ಬಾಯಿಪಾಠವಾಗಿದೆ. ಹತ್ತಿ ಬಟ್ಟೆಗೆ ಹಾಕುವ, ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ ರಿಯಾಕ್ಟಿವ್ ಬಣ್ಣ ಪೂರ್ತಿ ನೂಲಿಗೆ ಹಿಡಿಯುವುದಿಲ್ಲ. ಕೆಲವು ಸಲ ಅರ್ಧದಷ್ಟು ನೀರಲ್ಲೇ ಉಳಿಯುತ್ತದೆ. ಹಿಡಿಯಲಿ ಅಂತ ರಾಶಿ ಉಪ್ಪು ಸುರಿಯುತ್ತಾರೆ, ಅದೂ ಹೊಳೆಗೇ. ಬಣ್ಣ ಕಟ್ಟಿದ ನೀರಿಗೆ ಬಿಸಿಲು ಇಳಿಯಲ್ಲ, ಪಾಚಿ ಬೆಳೆಯಲ್ಲ, ಮೀನಿಗೆ ಉಸಿರಿಲ್ಲ. ಅಜೋ ಅನ್ನುವ ಜಾತಿಯ ಕೆಲವು ಬಣ್ಣ ಒಡೆದು, ಕ್ಯಾನ್ಸರ್ ತರಬಲ್ಲ ಅಮೈನ್ ಎಂಬ ರಾಸಾಯನಿಕಗಳಾಗುತ್ತವೆ. ಮೈಗೆ ತಾಗುವ ಬಟ್ಟೆಯಲ್ಲಿ ಅಂಥವು ಬೇಡ ಅಂತ ಯುರೋಪ್ 2002ರಲ್ಲೇ ಕಾನೂನು ಮಾಡಿತು. ಮೀನಿನ ಮೈ ಲೆಕ್ಕಕ್ಕಿಲ್ಲವೇನೋ!

ಬಟ್ಟೆ ಅಂಗಡಿ ಸೇರಿದ ಮೇಲೂ ಕಾಟ ತಪ್ಪಲ್ಲ. ಪಾಲಿಯೆಸ್ಟರ್ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ಉದುರುತ್ತದೆ. ಸಮುದ್ರಕ್ಕೆ ಸೂಕ್ಷ್ಮ ರೂಪದಲ್ಲೇ ಸೇರುವ ಪ್ಲಾಸ್ಟಿಕ್‌ನಲ್ಲಿ ಸುಮಾರು 35% ಇಂಥ ಬಟ್ಟೆ ಒಗೆಯುವುದರಿಂದ ಬರುತ್ತದೆ ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2017ರಲ್ಲಿ ಅಂದಾಜು ಮಾಡಿತ್ತು. ನಾಲ್ಕು ಸಲ ಹಾಕಿ ಎಸೆಯುವ ಅಂಗಿಗೆ ಇಷ್ಟೆಲ್ಲ. ಅದು ದೊಡ್ಡ ಕತೆ, ತಾವು ಒಂದೇ ದಿನದಲ್ಲಿ ಸರಿ ಮಾಡಿ ಅಂತ ಕೇಳ್ತಿಲ್ಲ.

ಆದರೆ ಪೈಪು ತಮ್ಮ ಕೈಯಲ್ಲಿದೆ ಅಲ್ವಾ? ತಮಿಳುನಾಡಿನ ಬಟ್ಟೆ ಊರು ತಿರುಪ್ಪೂರಿನಲ್ಲಿ ಬಣ್ಣದ ನೀರಿನಿಂದ ನೊಯ್ಯಲ್ ನದಿ ಹಾಳಾದ ಮೇಲೆ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಬೇಕಾಯಿತು ಬಣ್ಣ ಹಾಕುವ ಘಟಕಗಳನ್ನು ಮುಚ್ಚಿ ಅಂತ. ಇಲ್ಲೂ ಕೋರ್ಟೇ ಹೇಳಬೇಕೇ?

ರಾತ್ರಿ ಸ್ಯಾಂಪಲ್ ತೆಗೆಸಿ. ಪೈಪಿನ ಬಾಯಲ್ಲೇ ತೆಗೆಸಿ. ನಮ್ಮವರೊಬ್ಬರು ಜೊತೆಗಿರಲಿ. ವರದಿಯನ್ನು ಎಲ್ಲರೂ ಓದುವ ಹಾಗೆ ಹಾಕಿಸಿ. ದೋಣಿ ನಮ್ಮದೇ, ಡೀಸೆಲ್ಲೂ ನಮ್ಮದೇ. ಹೊರಡುವ ಮುಂಚೆ ಕಾರ್ಖಾನೆಗೆ ಫೋನ್ ಮಾತ್ರ ಮಾಡಿಸಬೇಡಿ.

ಇಂತಿ,
ಅಳಿವೆಯ ಒಬ್ಬ ಮೀನುಗಾರ